ಕಬ್ಬಿಣದ ಬೆಲೆಗೆ ಕೂಲಿ ಕಟ್ಟುವ ಲೆಕ್ಕ

ಪೀಣ್ಯದ ಯಾವ ಸಣ್ಣ ಕಾರ್ಖಾನೆಗೆ ಹೋದರೂ ಲೋಹದ ಲೆಕ್ಕ ಪಕ್ಕಾ ಇರುತ್ತದೆ. ಯಾವ ರಾಡ್ ಯಾವ ದಿನ ಬಂತು, ಯಾರ ಚಲನ್ನಿನಲ್ಲಿ ಬಂತು, ಎಷ್ಟು ತುಂಡಾಯಿತು, ಎಷ್ಟು ಚೂರು ಗುಜರಿಗೆ ಹೋಯಿತು ಎಂಬುದೆಲ್ಲ ಕೇಳಿದ ಕ್ಷಣದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಬರುತ್ತದೆ. ಆ ರಾಡನ್ನು ಲೇತಿಗೆ ಕಟ್ಟಿ, ಕೊರೆದು, ಅರ ಹಾಕಿ, ಗೇಜ್ ಹಿಡಿದು ನೋಡಿ ಒಂದು ಭಾಗವನ್ನಾಗಿ ಮಾಡಿದವರ ದುಡಿಮೆ ಎಲ್ಲಿದೆ ಎಂದು ಕೇಳಿದರೆ ಅಕೌಂಟ್ಸ್ ಹುಡುಗ ತಿಂಗಳ ಕೊನೆಯ ಒಂದು ಸಾಲನ್ನು ತೋರಿಸುತ್ತಾನೆ: ‘ವೇಜಸ್’. ಇಪ್ಪತ್ತು ಜನ ದುಡಿದದ್ದು ಅಷ್ಟರಲ್ಲೇ ಮುಗಿಯುತ್ತದೆ. ಯಾವ ಭಾಗಕ್ಕೆ ಯಾರ ಎಷ್ಟು ಹೊತ್ತು ಹಿಡಿಯಿತು ಎಂಬುದು ಎಲ್ಲೂ ಇಲ್ಲ.

ನಾನು ಕಾಸ್ಟ್ ಅಕೌಂಟೆಂಟ್. ಮೊದಲು ಒಂದು ದೊಡ್ಡ ಸಾರ್ವಜನಿಕ ಕಾರ್ಖಾನೆಯ ವೆಚ್ಚ ವಿಭಾಗದಲ್ಲಿದ್ದೆ. ಅಲ್ಲಿ ಪ್ರತಿ ಕೆಲಸದ ಜೊತೆ, ಹಿಡಿದ ಸಮಯ ಬರೆಯುವ ಒಂದು ಜಾಬ್ ಕಾರ್ಡ್ ಮೆಷಿನ್ನಿಂದ ಮೆಷಿನ್ನಿಗೆ ಹೋಗುತ್ತಿತ್ತು. ಎಣ್ಣೆ ಕೈಯ ಗುರುತು ಬಿದ್ದ ಆ ಕಾರ್ಡುಗಳನ್ನು ಕೂಡಿಸುವುದರಲ್ಲೇ ನಾನು ಕೆಲಸ ಕಲಿತೆ. ಈಗ ಪೀಣ್ಯ, ಬೊಮ್ಮಸಂದ್ರದ ಸಣ್ಣ ಘಟಕಗಳಿಗೆ ಲೆಕ್ಕದ ವ್ಯವಸ್ಥೆ ಮಾಡಿಕೊಡುತ್ತೇನೆ. ಆಗ ಇಲ್ಲದ ಕಂಪ್ಯೂಟರ್ ಈಗ ಇದೆ, ಆಗ ಇದ್ದ ಕಾರ್ಡ್ ಈಗ ಇಲ್ಲ. ಇದರಿಂದ ಮಾಲೀಕರಿಗೂ ನಷ್ಟ, ಕಾರ್ಮಿಕರಿಗೆ ಅದಕ್ಕಿಂತ ಹೆಚ್ಚು ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೇಗೆಂದು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಅಂಕಿಗಳನ್ನು ಓದುಗರ ಅನುಕೂಲಕ್ಕೆ ದುಂಡಗೆ ಮಾಡಿದ್ದೇನೆ, ಮೆಷಿನ್ನಿನ ಖರ್ಚನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಒಂದು ಘಟಕ ತಿಂಗಳಿಗೆ ಎರಡು ಬಗೆಯ ಭಾಗಗಳನ್ನು ತಲಾ 1,000 ಮಾಡುತ್ತದೆ ಎಂದುಕೊಳ್ಳಿ. ಒಂದು ಸ್ಟೇನ್‌ಲೆಸ್ ಸ್ಟೀಲಿನ ಫ್ಲ್ಯಾಂಜ್, ಅದರ ಲೋಹಕ್ಕೆ 400 ರೂಪಾಯಿ. ಇನ್ನೊಂದು ಹಿತ್ತಾಳೆಯ ಸಣ್ಣ ವಾಲ್ವ್ ಭಾಗ, ಲೋಹಕ್ಕೆ 100 ರೂಪಾಯಿ. ಲೋಹದ ಖರ್ಚು ಒಟ್ಟು 5 ಲಕ್ಷ, ಕೂಲಿಯ ಖರ್ಚು ಒಟ್ಟು ಒಂದೂವರೆ ಲಕ್ಷ. ಕೂಲಿ ಲೋಹದ ಶೇ 30ರಷ್ಟಾಯಿತು. ಸಾಫ್ಟ್‌ವೇರಿನಲ್ಲಿ ಕೂಲಿಯ ಜಾಗದಲ್ಲಿ 30 ಎಂದು ತುಂಬಿಸಿದ್ದಾರೆ. ಅದು ಫ್ಲ್ಯಾಂಜ್ ಮೇಲೆ 120 ರೂಪಾಯಿ ಕೂಲಿ, ಹಿತ್ತಾಳೆ ಭಾಗದ ಮೇಲೆ 30 ರೂಪಾಯಿ ಕೂಲಿ ಹಾಕುತ್ತದೆ. ಒಂದರ ವೆಚ್ಚ 520, ಇನ್ನೊಂದರದು 130.

ಈಗ ಗಡಿಯಾರ ಹಿಡಿದು ಮೆಷಿನ್ ಪಕ್ಕ ನಿಲ್ಲೋಣ. ಫ್ಲ್ಯಾಂಜ್ ದೊಡ್ಡದು, ಕೆಲಸ ಸಲೀಸು, 12 ನಿಮಿಷ ಸಾಕು. ಹಿತ್ತಾಳೆ ಭಾಗದಲ್ಲಿ ಒಳಗೊಂದು ಥ್ರೆಡ್, ಹೊರಗೊಂದು ಥ್ರೆಡ್, ಅಡ್ಡ ತೂತು, ಕೈಯಲ್ಲಿ ಅರ ಹಾಕುವ ಅಂಚು. ಎಲ್ಲ ಸೇರಿ 48 ನಿಮಿಷ. ತಿಂಗಳಿಗೆ ಫ್ಲ್ಯಾಂಜಿಗೆ 200 ಗಂಟೆ, ಹಿತ್ತಾಳೆಗೆ 800 ಗಂಟೆ. ಒಂದೂವರೆ ಲಕ್ಷವನ್ನು ಈ 1,000 ಗಂಟೆಗೆ ಹಂಚಿದರೆ ಗಂಟೆಗೆ 150 ರೂಪಾಯಿ. ಫ್ಲ್ಯಾಂಜ್ ಮೇಲಿನ ನಿಜವಾದ ಕೂಲಿ 30 ರೂಪಾಯಿ, ಹಿತ್ತಾಳೆಯ ಮೇಲಿನದು 120. ಕಂಪ್ಯೂಟರ್ ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು. ನಿಜ ವೆಚ್ಚ ಫ್ಲ್ಯಾಂಜಿಗೆ 430, ಹಿತ್ತಾಳೆಗೆ 220.

ಇದರ ಪರಿಣಾಮ ಏನು? ಮಾರುಕಟ್ಟೆಯಲ್ಲಿ ಫ್ಲ್ಯಾಂಜ್ 500 ರೂಪಾಯಿಗೆ ಹೋಗುತ್ತಿದ್ದರೆ ಈ ಮಾಲೀಕ 560ರ ಕೊಟೇಷನ್ ಕೊಟ್ಟು ಆರ್ಡರ್ ಕಳೆದುಕೊಳ್ಳುತ್ತಾನೆ. ಹಿತ್ತಾಳೆ ಭಾಗವನ್ನು 180ಕ್ಕೆ ಕೊಟ್ಟು 50 ರೂಪಾಯಿ ಉಳಿಯಿತು ಎಂದು ನಂಬುತ್ತಾನೆ, ಅಸಲಿಗೆ ಒಂದೊಂದರ ಮೇಲೂ 40 ರೂಪಾಯಿ ಕೈಬಿಟ್ಟು ಹೋಗುತ್ತಿರುತ್ತದೆ. ಸುಲಭದ ಕೆಲಸ ಬೇರೆಯವರ ಪಾಲಾಗಿ, ಕಷ್ಟದ ಕೆಲಸವೆಲ್ಲ ಇವನ ಬಾಗಿಲಿಗೆ ಬಂದು ಬೀಳುತ್ತದೆ. “ಆರ್ಡರ್ ತುಂಬ ಇದೆ ಮೇಡಂ, ಎರಡು ಪಾಳಿ ಓಡಿಸ್ತಿದ್ದೀವಿ, ಆದ್ರೂ ಕೈಯಲ್ಲಿ ದುಡ್ಡು ನಿಲ್ತಿಲ್ಲ” ಎಂದು ಮಾಲೀಕರೊಬ್ಬರು ನನ್ನ ಮುಂದೆ ಹೇಳಿಕೊಂಡಿದ್ದಾರೆ. ಪ್ರಾಮಾಣಿಕ ಮನುಷ್ಯ, ತಾನೇ ಹಿಂದೆ ಟರ್ನರ್ ಆಗಿದ್ದವರು. ದುಡ್ಡು ನಿಲ್ಲದಿದ್ದಾಗ ಅವರು ಮೊದಲು ಕೈಹಾಕಿದ್ದು ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ಕೂಲಿಗೆ. ನಂತರ ಇಬ್ಬರು ಕಾಯಂ ಹುಡುಗರು ಬಿಟ್ಟುಹೋದ ಜಾಗಕ್ಕೆ ಗುತ್ತಿಗೆಯವರು ಬಂದರು. ತಪ್ಪು ಇದ್ದದ್ದು ಕೊಟೇಷನ್ನಿನಲ್ಲಿ, ಕತ್ತರಿ ಬಿದ್ದದ್ದು ಕೂಲಿಗೆ.

ಶೇಕಡಾವಾರು ಲೆಕ್ಕದ ಇನ್ನೊಂದು ದೋಷ ಲೋಹದ ದರ ಏರಿದಾಗ ಕಾಣುತ್ತದೆ. ಹಿತ್ತಾಳೆ ದುಬಾರಿಯಾದರೆ ಕಾಗದದ ಮೇಲೆ ಕೂಲಿಯೂ ಏರುತ್ತದೆ. ಲೇತಿನ ಮುಂದೆ ನಿಂತವನಿಗೆ ಒಂದು ಪೈಸೆ ಹೆಚ್ಚು ಸಿಕ್ಕಿರುವುದಿಲ್ಲ. ಲೋಹ ಅಗ್ಗವಾದ ತಿಂಗಳು ಅವನ ದುಡಿಮೆಯೂ ಅಗ್ಗವಾದಂತೆ ತೋರುತ್ತದೆ. ಚನ್ನಪಟ್ಟಣದ ಬೊಂಬೆಗೆ ಈ ಲೆಕ್ಕ ಹಾಕಿ ನೋಡಿ. ಹಾಲೆ ಮರದ ತುಂಡಿಗೂ ಅರಗಿಗೂ ಆಗುವ ಖರ್ಚು ಚಿಕ್ಕದು. ಬೊಂಬೆಯ ಬೆಲೆಯೆಲ್ಲ ಚರಕಿಯ ಮೇಲೆ ಆಡುವ ಕೈಯದು. ಮರದ ಬೆಲೆಗೆ ಶೇಕಡಾ ಇಷ್ಟು ಎಂದು ಆ ಕೈಗೆ ಬೆಲೆ ಕಟ್ಟಲು ಯಾರಿಗೂ ಮನಸ್ಸು ಬಾರದು. ವಾಲ್ವ್ ಭಾಗಕ್ಕೆ ಮಾತ್ರ ದಿನಾ ಹಾಗೆಯೇ ಕಟ್ಟುತ್ತಿದ್ದೇವೆ.

ಇದು ಸಾಫ್ಟ್‌ವೇರಿನ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಇದೆ. ಬಳಸಿದ ಸಾಮಾನಿನ ಕೆಳಗೆ ಹೆಚ್ಚುವರಿ ಖರ್ಚನ್ನು ಸೇರಿಸಲು ಜಾಗ ಇದೆ. ಅಲ್ಲಿ ಶೇಕಡಾ ಹಾಕಬಹುದು, ರೂಪಾಯಿ ಮೊತ್ತವನ್ನೂ ಹಾಕಬಹುದು. ಶೇಕಡಾ ಒಮ್ಮೆ ತುಂಬಿದರೆ ಮುಗಿಯಿತು, ಮೊತ್ತವನ್ನಾದರೆ ಪ್ರತಿ ಸಲ ಯೋಚಿಸಿ ಬರೆಯಬೇಕು; ಹಾಗಾಗಿ ಎಲ್ಲರೂ ಮೊದಲನೆಯದನ್ನೇ ಹಿಡಿಯುತ್ತಾರೆ. ಮುಂಬೈಯವರು ರೂಪಿಸಿದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ಮೆಷಿನ್ನಿಗೂ ಗಂಟೆಯ ದರ ಬರೆಯುವ ಪುಟವಿದೆ. ಕರೆಂಟು, ಬಾಡಿಗೆ, ಖರ್ಚಾಗುವ ಟೂಲು, ಕೂಲಿ ಎಂದು ನಾಲ್ಕು ಮನೆ ಬೇರೆಬೇರೆ ಕೊಟ್ಟಿದ್ದಾರೆ. ಜಾಬ್ ಕಾರ್ಡೂ ಇದೆ. ನಾನು ನೋಡಿದ ಕಡೆ ಆ ಮನೆಗಳು ಬಹುತೇಕ ಖಾಲಿ. ಅಳವಡಿಸಿಕೊಟ್ಟು ಹೋಗುವವರಿಗೆ ಜಿಎಸ್‌ಟಿ ಬಿಲ್ ಬಂದರೆ ಸಾಕು, ಮಾಲೀಕರಿಗೆ ಸ್ಟಾಕ್ ತಾಳೆಯಾದರೆ ಸಾಕು.

ಗಂಟೆಯ ದರವನ್ನು ಬರೆದ ಕಡೆಯೂ ತಪ್ಪು ಬರೆದಿರುತ್ತಾರೆ. 20,000 ರೂಪಾಯಿ ಸಂಬಳದ ಆಪರೇಟರ್, 26 ದಿನ, ದಿನಕ್ಕೆ 8 ಗಂಟೆ. ಭಾಗಿಸಿದರೆ ಗಂಟೆಗೆ 96 ರೂಪಾಯಿ. ಇದೇ ಸಂಖ್ಯೆಯನ್ನು ಹಾಕಿಬಿಡುತ್ತಾರೆ. ಆ ಮನುಷ್ಯನಿಗಾಗಿ ಕಾರ್ಖಾನೆ ಕಟ್ಟುವುದು 20,000 ಅಲ್ಲ. 15,000ದ ಮಿತಿಯ ಮೇಲೆ ಪಿಎಫ್ ಮತ್ತು ಅದರ ಜೊತೆಯ ವಿಮೆ, ಆಡಳಿತ ಶುಲ್ಕ ಸೇರಿ ಶೇ 13ರಂತೆ 1,950. ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 650. ವರ್ಷದ ಬೋನಸ್ ಪೂರ್ತಿ ಸಂಬಳದ ಮೇಲೆ ಶೇ 8.33 ಎಂದಾದರೆ ತಿಂಗಳಿಗೆ 1,666. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿಗೆ ತೆಗೆದಿಡಬೇಕಾದದ್ದು 960ರ ಸುಮಾರು. ಕೂಡಿಸಿದರೆ ಸುಮಾರು 25,200. ಇತ್ತ ಗಂಟೆಗಳು ಕರಗುತ್ತವೆ. ಸಂಬಳದ ರಜೆ, ಹಬ್ಬ, ರಾಷ್ಟ್ರೀಯ ರಜೆಗಳು ಸರಾಸರಿ ತಿಂಗಳಿಗೆ ಎರಡು ದಿನ ಎಂದರೆ ಉಳಿದದ್ದು 24 ದಿನ. ಟೀ, ಮೆಷಿನ್ ಒರೆಸುವುದು, ಟೂಲ್ ಬದಲಿಸುವುದು, ಡ್ರಾಯಿಂಗ್ ಕೇಳಿ ಬರುವುದು ಎಂದು ದಿನಕ್ಕೊಂದು ಗಂಟೆ ನ್ಯಾಯವಾಗಿ ಹೋಗುತ್ತದೆ. ಹಾಗೆ ತಿಂಗಳಿಗೆ 168 ಗಂಟೆ. 25,200ನ್ನು 168ರಿಂದ ಭಾಗಿಸಿ: 150 ರೂಪಾಯಿ. 96ರ ಮೇಲೆ ಕೊಟೇಷನ್ ಬರೆದವನು ಪ್ರತಿ ಗಂಟೆಗೂ 54 ರೂಪಾಯಿಯನ್ನು ಯಾರಿಗೋ ಬಿಟ್ಟುಕೊಡುತ್ತಿದ್ದಾನೆ. ಆ 54ರಲ್ಲಿ ಇರುವುದು ಕಾರ್ಮಿಕನ ಪಿಎಫ್, ಅವನ ಮಗುವಿನ ಇಎಸ್‌ಐ ಆಸ್ಪತ್ರೆ, ಅವನ ಗ್ರಾಚ್ಯುಟಿ. ಬೆಲೆಯಲ್ಲಿ ಸೇರದ ಹಣ ಕೊನೆಗೆ ಕೊಡುವಾಗಲೂ ಕೈಗೆ ಸಿಗುವುದಿಲ್ಲ. ಪಿಎಫ್ ಬಾಕಿ ಉಳಿಸಿಕೊಂಡ ಎಷ್ಟೋ ಘಟಕಗಳ ಕಥೆ ಶುರುವಾಗುವುದು ಇಲ್ಲಿಂದ.

168ರಿಂದಲೇ ಭಾಗಿಸಬೇಕು, ಆ ತಿಂಗಳು ನಿಜಕ್ಕೂ ಓಡಿದ ಗಂಟೆಯಿಂದಲ್ಲ ಎಂಬುದಕ್ಕೆ ಕಾರಣವಿದೆ. ಕರೆಂಟಿಲ್ಲದೆ ಮೂರು ದಿನ ಮೆಷಿನ್ ನಿಂತಿತು, ಗಿರಾಕಿ ಕಳಿಸಬೇಕಾದ ಕಾಸ್ಟಿಂಗ್ ಬರಲಿಲ್ಲ ಎಂದು ಒಂದು ವಾರ ಜನ ಕೂತರು. ಆ ಗಂಟೆಗಳ ಸಂಬಳವನ್ನು ಆ ತಿಂಗಳು ಆದ ಭಾಗಗಳ ಮೇಲೆ ಹೊರಿಸಿದರೆ ಅವು ದುಬಾರಿಯಾಗಿ ಕಾಣುತ್ತವೆ. ದಾಸ್ತಾನಿನ ಮೌಲ್ಯ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್-2 ಇದನ್ನು ಒಪ್ಪುವುದಿಲ್ಲ. ಅಸಹಜವಾಗಿ ವ್ಯರ್ಥವಾದ ಕೂಲಿಯನ್ನು ಸರಕಿನ ಮೌಲ್ಯಕ್ಕೆ ಸೇರಿಸದೆ ಆ ಅವಧಿಯ ಖರ್ಚಾಗಿಯೇ ತೋರಿಸಬೇಕು ಎನ್ನುತ್ತದೆ. ಕಾಸ್ಟ್ ಅಕೌಂಟೆಂಟ್‌ಗಳ ಸಂಸ್ಥೆಯ ಸಿಎಎಸ್-7 ಮಾನದಂಡವೂ ಅಸಹಜ ಖರ್ಚನ್ನು ಹೊರಗಿಡುತ್ತದೆ. ನನಗೆ ಈ ನಿಯಮ ಇಷ್ಟವಾಗುವುದು ಅದು ನ್ಯಾಯ ಹೇಳುವುದರಿಂದ. ನಿಂತ ಗಂಟೆಗಳು ತಮ್ಮದೇ ಹೆಸರಿನಲ್ಲಿ, ‘ಕರೆಂಟ್ ಇಲ್ಲ’, ‘ಮಾಲು ಬಂದಿಲ್ಲ’, ‘ಮೆಷಿನ್ ಕೆಟ್ಟಿದೆ’ ಎಂದು ಬೇರೆ ಬೇರೆ ಸಾಲಿನಲ್ಲಿ ನಿಂತರೆ “ನಿಮ್ಮ ಹುಡುಗರು ಸೋಮಾರಿಗಳು” ಎಂಬ ಮಾತಿಗೆ ಆಧಾರ ಉಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಮರೆಯಾಗಿರುವುದು ಬರ್ ತೆಗೆಯುವ ಹೆಂಗಸರ ದುಡಿಮೆ. ಮೆಷಿನ್ ಸಾಲು ಮುಗಿದ ಮೇಲೆ ಗೋಡೆ ಪಕ್ಕದ ಮೇಜಿನಲ್ಲಿ ಅವರು ಕೂತಿರುತ್ತಾರೆ. ಚಿಕ್ಕ ಅರದಿಂದ ಅಂಚಿನ ಮುಳ್ಳು ತೆಗೆದು, ಗೇಜ್ ಹಾಕಿ ನೋಡಿ, ಎಣ್ಣೆ ಒರೆಸಿ, ಕವರಿಗೆ ತುಂಬುತ್ತಾರೆ. ಸಾಫ್ಟ್‌ವೇರಿನ ಬಿಲ್ ಆಫ್ ಮೆಟೀರಿಯಲ್‌ನಲ್ಲಿ ಆ ಕವರು ಇರುತ್ತದೆ, ಅಂಟುಪಟ್ಟಿಯೂ ಇರುತ್ತದೆ, ಇವರು ಇರುವುದಿಲ್ಲ. ‘ಹೆಲ್ಪರ್’ ಎಂದು ಇತರೆ ಖರ್ಚಿನಲ್ಲಿ ಸೇರಿಹೋಗಿರುತ್ತಾರೆ. ಒಂದು ಘಟಕದಲ್ಲಿ ಅಂಥ ಒಬ್ಬರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು “ಒಂದಕ್ಕೆ ಎಷ್ಟೊತ್ತು ಹಿಡಿಯುತ್ತೆ ಅಕ್ಕ?” ಎಂದು ಕೇಳಿದೆ. “ಟೂಲ್ ಹೊಸದಿದ್ರೆ ಒಂದು ನಿಮಿಷ ಮೇಡಂ. ಸವೆದಿದ್ರೆ ಮೂರು, ನಾಕು. ಯಾರೂ ಕೇಳಿಲ್ಲ ಇದುವರೆಗೆ” ಎಂದರು. ಆ ಒಂದು ಉತ್ತರದಲ್ಲಿ ಎಷ್ಟು ವಿಷಯ ಇತ್ತು ನೋಡಿ. ಒಂದು ಸಾವಿರ ಭಾಗಕ್ಕೆ ತಲಾ ಮೂರು ನಿಮಿಷ ಎಂದರೆ 50 ಗಂಟೆ. ಟೂಲ್ ಬದಲಿಸಲು ಹಿಂದೆಗೆದು ಉಳಿಸಿದೆವೆಂದುಕೊಂಡ ದುಡ್ಡು ಇವರ ಬೆರಳುಗಳ ಮೂಲಕ ಹೊರಗೆ ಹೋಗುತ್ತಿತ್ತು. ಅವರ ಕೆಲಸವನ್ನು ಒಂದು ಆಪರೇಷನ್ ಎಂದು ಹೆಸರಿಟ್ಟು, ಸಮಯ ಬರೆದು, ಭಾಗದ ವೆಚ್ಚಕ್ಕೆ ಸೇರಿಸಿದ ಮೇಲೇ ಮಾಲೀಕರಿಗೆ ಇದು ಕಂಡಿತು.

ಹೊಸ ಕೆಲಸಕ್ಕೆ ಮೆಷಿನ್ ಸಿದ್ಧ ಮಾಡುವ ಸೆಟ್ಟಿಂಗಿನ ವಿಷಯ ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ಎರಡು ಗಂಟೆ ಸೆಟ್ಟಿಂಗ್ ಎಂದರೆ 300 ರೂಪಾಯಿ ಕೂಲಿ. 500 ಭಾಗದ ಆರ್ಡರಿಗೆ ತಲಾ 60 ಪೈಸೆ, 20 ಭಾಗದ ಆರ್ಡರಿಗೆ ತಲಾ 15 ರೂಪಾಯಿ. “ಈ ಸಲ ಇಪ್ಪತ್ತೇ ಕಳಿಸಿ, ಅದೇ ರೇಟು” ಎಂದು ದೊಡ್ಡ ಕಂಪನಿಯ ಖರೀದಿ ವಿಭಾಗ ಫೋನಿನಲ್ಲಿ ಹೇಳಿದಾಗ ತಲೆಯಾಡಿಸುವ ಮುಂಚೆ ಈ 15 ರೂಪಾಯಿ ಕಣ್ಣ ಮುಂದೆ ಇರಬೇಕು. ಓಟಿಯೂ ಹಾಗೆಯೇ, ಕಾನೂನಿನ ಪ್ರಕಾರ ಅದು ಎರಡು ಪಟ್ಟು ಕೂಲಿ. ಗಿರಾಕಿಯೊಬ್ಬರು ನಾಳೆಯೇ ಬೇಕೆಂದದ್ದಕ್ಕೆ ರಾತ್ರಿ ಕೂತರೆ ಆ ಹೆಚ್ಚುವರಿ ಪಾಲು ಅದೇ ಕೆಲಸದ ಮೇಲೆ ಬೀಳಬೇಕು. ಒಟ್ಟು ಕೆಲಸ ಹಿಂದೆ ಬಿದ್ದದ್ದಕ್ಕೆ ಓಟಿ ಮಾಡಿದ್ದಾದರೆ ಎಲ್ಲ ಕೆಲಸಗಳೂ ಅದನ್ನು ಹಂಚಿಕೊಳ್ಳಬೇಕು. ಆ ರಾತ್ರಿ ಮೆಷಿನ್ನಿನ ಮೇಲೆ ಇದ್ದ ಪಾಪಕ್ಕೆ ಆ ಒಂದು ಭಾಗವನ್ನೇ ಹೊಣೆ ಮಾಡಬಾರದು.

ಮಾರ್ಚ್ 31ರ ದಾಸ್ತಾನಿನಲ್ಲಿ ಇದೆಲ್ಲ ಒಟ್ಟಿಗೆ ಬಂದು ನಿಲ್ಲುತ್ತದೆ. ಅದೇ ಹಿತ್ತಾಳೆ ಭಾಗ 500 ತಯಾರಾಗಿ ಕಪಾಟಿನಲ್ಲಿ ಇವೆ ಎನ್ನೋಣ. ಲೋಹದ ಬೆಲೆಗೇ ಬರೆದರೆ 50,000. ಅವುಗಳಲ್ಲಿ ಈಗಾಗಲೇ ಸಂಬಳ ಕೊಟ್ಟು ಮುಗಿದ 60,000 ರೂಪಾಯಿಯ ದುಡಿಮೆಯೂ ಇದೆ. ಅದನ್ನು ಬಿಟ್ಟರೆ ಈ ವರ್ಷದ ಲಾಭ ಕಡಿಮೆ, ಮುಂದಿನ ವರ್ಷದ್ದು ಹೆಚ್ಚು. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಸಾಲದ ಮಿತಿಯೂ ಕಡಿಮೆ. ದುಡಿಮೆಯ ಲೆಕ್ಕ ಇಟ್ಟವರಿಗೆ ಇಲ್ಲಿ ನೇರ ಲಾಭವಿದೆ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಿಂದ ತೆರಿಗೆ ಅಧಿಕಾರಿ ಬೇಕೆನಿಸಿದರೆ ದಾಸ್ತಾನಿನ ಮೌಲ್ಯವನ್ನು ಕಾಸ್ಟ್ ಅಕೌಂಟೆಂಟ್‌ರಿಂದ ಕಟ್ಟಿಸಿ ತರಲು ಹೇಳುವ ಅವಕಾಶವೂ ಬಂದಿದೆ. ಹಾಗೆ ಹೇಳಿದ ದಿನ ‘ಶೇ 30’ಕ್ಕೆ ಆಧಾರ ಏನು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಜಾಬ್ ವರ್ಕ್ ಘಟಕಗಳ ಸ್ಥಿತಿ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಲ್ಲಿ ಲೋಹ ಗಿರಾಕಿಯದು. ಘಟಕ ಮಾರುವುದು ಗಂಟೆಗಳನ್ನು ಮಾತ್ರ. ಆದರೂ ಅಲ್ಲಿನ ಕಂಪ್ಯೂಟರಿನಲ್ಲಿ ಮತ್ತೊಬ್ಬರ ಲೋಹದ ಲೆಕ್ಕ ಗ್ರಾಂ ಮಟ್ಟಕ್ಕೆ ಇರುತ್ತದೆ, ತಾವು ಮಾರುವ ಗಂಟೆಗಳ ಲೆಕ್ಕ ಇರುವುದಿಲ್ಲ. ತರಕಾರಿ ಅಂಗಡಿಯವನು ಚೀಲಗಳನ್ನು ಎಣಿಸಿಟ್ಟು ತರಕಾರಿಯನ್ನು ತೂಗದೆ ಕೊಟ್ಟ ಹಾಗೆ.

“ಇದೆಲ್ಲ ದೊಡ್ಡವರಿಗೆ, ನಮ್ಮಲ್ಲಿ ಬರೆಯುವವರು ಯಾರು?” ಎಂದು ಕೇಳುತ್ತಾರೆ. ಕಾನೂನೂ ಸಣ್ಣವರನ್ನು ಒತ್ತಾಯಿಸುವುದಿಲ್ಲ. 2014ರ ವೆಚ್ಚ ದಾಖಲೆ ನಿಯಮಗಳಿಂದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ವಿನಾಯಿತಿ ಇದೆ. ನಾನು ಪ್ರತಿ ನಿಮಿಷವನ್ನೂ ಬರೆಯಿರಿ ಎನ್ನುತ್ತಿಲ್ಲ. ಪ್ರತಿ ಭಾಗದ ಪ್ರತಿ ಆಪರೇಷನ್ನಿಗೆ ಒಂದು ಸಮಯವನ್ನು, ಆ ಕೆಲಸ ಮಾಡುವವರನ್ನೇ ಕೂರಿಸಿಕೊಂಡು, ನಾಲ್ಕಾರು ಭಾಗ ಅಳೆದು ಒಪ್ಪಿಕೊಳ್ಳಿ. ದಿನಾ ಬರೆಯಬೇಕಾದದ್ದು ಎಷ್ಟು ಭಾಗ ಆಯಿತು, ಎಷ್ಟು ಸೆಟ್ಟಿಂಗ್, ಎಷ್ಟು ಹೊತ್ತು ಏಕೆ ನಿಂತಿತು, ಇಷ್ಟೇ. ತಿಂಗಳ ಕೊನೆಗೆ ಭಾಗಗಳಿಗೆ ಸೇರಿದ ಕೂಲಿಯನ್ನೂ ಕೊಟ್ಟ ಸಂಬಳವನ್ನೂ ಎದುರುಬದುರು ಇಟ್ಟು ನೋಡಿ. ವ್ಯತ್ಯಾಸ ಎಲ್ಲಿಂದ ಬಂತೆಂದು ನಿಂತ ಗಂಟೆಗಳ ಪಟ್ಟಿಯೇ ಬಹುಪಾಲು ಹೇಳುತ್ತದೆ. ಒಬ್ಬನೇ ಆಪರೇಟರ್ ಎರಡು ಸಿಎನ್‌ಸಿ ನೋಡಿಕೊಳ್ಳುವ ಕಡೆ ಮೆಷಿನ್ನಿನ ಗಂಟೆ ಬೇರೆ, ಮನುಷ್ಯನ ಗಂಟೆ ಬೇರೆ ಎಂದು ಎರಡು ದರ ಇಡಬೇಕು. ಪ್ರತಿ ಮೆಷಿನ್ನಿಗೂ ಅದರದೇ ಗಂಟೆ ದರ ಇರಲಿ, ಎಲ್ಲವನ್ನೂ ಒಂದು ಸರಾಸರಿ ಶೇಕಡಾದಲ್ಲಿ ಕಲಸಬೇಡಿ ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಎಂಬ ಇಂಜಿನಿಯರ್ 1901ರಲ್ಲೇ ಬರೆದಿದ್ದರು. ನಮ್ಮ ಬಿ.ಕಾಂ. ಮಕ್ಕಳು ಹಾಲ್ಸೀ, ರೋವನ್ ಎಂದು ಕೂಲಿ ಪದ್ಧತಿಗಳ ಸೂತ್ರಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅದೇ ಮಕ್ಕಳಿಗೆ ಒಂದು ದಿನ ಮೆಷಿನ್ ಶಾಪಿನಲ್ಲಿ ನಿಂತು ಜಾಬ್ ಕಾರ್ಡ್ ತುಂಬಿಸಿ, ಅದನ್ನು ಸಾಫ್ಟ್‌ವೇರಿಗೆ ಏರಿಸುವುದನ್ನು ಕಲಿಸಿದರೆ ಪೀಣ್ಯಕ್ಕೆ ಬೇಕಾದ ಜನ ಸಿಗುತ್ತಾರೆ.

ಕಾರ್ಮಿಕರ ಆತಂಕ ಬೇರೆ ಥರದ್ದು, ಅದು ನ್ಯಾಯವಾದದ್ದು. ಗಡಿಯಾರ ಹಿಡಿದು ಬಂದವರು ಯಾವತ್ತೂ ಕೆಲಸ ಹೆಚ್ಚಿಸಿ ಹೋಗಿದ್ದಾರೆ ಎಂಬುದು ಅವರ ಅನುಭವ. ಆದ್ದರಿಂದ ನಾನು ಕೆಲಸ ಒಪ್ಪಿಕೊಳ್ಳುವ ಕಡೆಯೆಲ್ಲ ಒಂದು ಷರತ್ತು ಹಾಕುತ್ತೇನೆ: ಭಾಗಕ್ಕೆ ಬರೆದ ಸಮಯ ಬೆಲೆ ಕಟ್ಟಲು ಮಾತ್ರ, ಯಾರನ್ನೂ ಪ್ರಶ್ನಿಸಲು ಅಲ್ಲ. ಕಾರ್ಡಿನಲ್ಲಿ ಹೆಸರು ಬೇಡ, ಮೆಷಿನ್ ನಂಬರ್ ಸಾಕು. ಈ ಮಾತಿಗೆ ಒಪ್ಪದ ಕಡೆ ನಾನು ಕೆಲಸ ಬಿಟ್ಟು ಬಂದಿದ್ದೇನೆ. ಹೆದರಿಸಿ ಬರೆಸಿದ ಸಮಯ ಸುಳ್ಳಾಗಿರುತ್ತದೆ, ಅದರ ಮೇಲೆ ಕಟ್ಟಿದ ಬೆಲೆಯೂ ಸುಳ್ಳು.

ಈ ಲೆಕ್ಕಕ್ಕಾಗಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಒಂದು ಒಪ್ಪಂದದ ಕಾಗದ. ದೊಡ್ಡ ಕಂಪನಿಗಳು ಸಣ್ಣ ಘಟಕಗಳೊಂದಿಗೆ ಮಾಡಿಕೊಳ್ಳುವ ಖರೀದಿ ಒಪ್ಪಂದಗಳಲ್ಲಿ ಲೋಹದ ದರ ಏರಿದರೆ ಬೆಲೆ ಏರಿಸುವ ಕಲಮು ಸಾಮಾನ್ಯವಾಗಿ ಇರುತ್ತದೆ. ಕೂಲಿ ಏರಿದರೆ ಏರಿಸುವ ಕಲಮನ್ನು ನಾನು ಕಂಡದ್ದು ತೀರಾ ಅಪರೂಪ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಲೋಹ ಏರಿದ್ದಕ್ಕೆ ಮಾರುಕಟ್ಟೆ ದರದ ಪಟ್ಟಿ ತೋರಿಸಿ ಹಣ ಕೇಳುವ ಮಾಲೀಕ, ಕೂಲಿ ಏರಿದ್ದಕ್ಕೆ ಏನು ತೋರಿಸುತ್ತಾನೆ? ಶೇಕಡಾ 30 ಎಂಬ ಅಂದಾಜನ್ನು ಯಾವ ಖರೀದಿ ಅಧಿಕಾರಿಯೂ ಒಪ್ಪುವುದಿಲ್ಲ. ಭಾಗಕ್ಕೆ 48 ನಿಮಿಷ, ಗಂಟೆಗೆ 150, ಏಪ್ರಿಲ್‌ನಿಂದ 158 ಎಂದು ಬರೆದು ಕೊಟ್ಟರೆ ಅವರು ಚೌಕಾಸಿ ಮಾಡಬಹುದು, ಘಟಕಕ್ಕೆ ಬಂದು 48 ನಿಮಿಷವನ್ನು ಅಳೆದು ನೋಡಬಹುದು, ಆದರೆ ಆ ಸಾಲನ್ನು ಹೊಡೆದುಹಾಕುವುದು ಸುಲಭವಲ್ಲ.

ಆದ್ದರಿಂದ ಮುಂದಿನ ಏಪ್ರಿಲ್‌ಗೆ ಮುಂಚೆ ಇಷ್ಟು ಮಾಡಿ ಎಂದು ಘಟಕಗಳ ಮಾಲೀಕರನ್ನು ಕೇಳಿಕೊಳ್ಳುತ್ತೇನೆ. ಅತಿ ಹೆಚ್ಚು ಓಡುವ ಹತ್ತು ಭಾಗಗಳನ್ನು ಆರಿಸಿಕೊಂಡು ಅವುಗಳ ಸಮಯ ಅಳೆಯಿರಿ. ಸಾಫ್ಟ್‌ವೇರಿನಿಂದ ಶೇಕಡಾ ತೆಗೆದು ನಿಮಿಷವನ್ನೂ ಗಂಟೆ ದರವನ್ನೂ ತುಂಬಿಸಿ, ಬರ್ ತೆಗೆಯುವ ಮೇಜನ್ನು ಮರೆಯದೆ ಸೇರಿಸಿ. ಹೊಸ ತುಟ್ಟಿಭತ್ಯೆಯ ಅಧಿಸೂಚನೆ ಬಂದ ದಿನ ಗಂಟೆ ದರ ತಿದ್ದಿ, ಹತ್ತೂ ಭಾಗಗಳ ಹೊಸ ಬೆಲೆಯನ್ನು ಗಿರಾಕಿಗೆ ಅದೇ ವಾರ ಕಳಿಸಿ. ಆ ಬೆಲೆಯ ಕೆಳಗೆ ಕೂಲಿಯ ಸಾಲು ಲೋಹದ ಸಾಲಿನಷ್ಟೇ ಸ್ಪಷ್ಟವಾಗಿ, ಬೇರೆಯಾಗಿ ಇರಲಿ.